ಹತ್ತು ಗೋಲು ಹಿಂದೆ ಬಿದ್ದಾಗ



1952ರ ಜುಲೈ ತಿಂಗಳು. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ಫುಟ್‌ಬಾಲ್ ಪಂದ್ಯ ನಡೆದಿತ್ತು. ಒಂದು ಕಡೆ ಯುಗೊಸ್ಲಾವಿಯ, ಇನ್ನೊಂದು ಕಡೆ ಸ್ವಾತಂತ್ರ್ಯ ಬಂದು ಐದೇ ವರ್ಷ ಕಳೆದಿದ್ದ ಭಾರತ. ಅಲ್ಲಿಯ ಬೇಸಿಗೆಯೂ ನಮ್ಮವರಿಗೆ ಚಳಿಯೇ. ನಮ್ಮ ಆಟಗಾರರಲ್ಲಿ ಹಲವರು ಬೂಟು ಹಾಕದೆ ಬರಿಗಾಲಲ್ಲಿ ಆಡುತ್ತಿದ್ದರು. ಎರಡನೇ ನಿಮಿಷಕ್ಕೇ ಮೊದಲ ಗೋಲು ಬಿತ್ತು. ಆಮೇಲೆ ಬೀಳುತ್ತಲೇ ಹೋಯಿತು. ಝೆಬೆಟ್ಸ್ ಎಂಬ ಒಬ್ಬನೇ ಆಟಗಾರ ನಾಲ್ಕು ಗೋಲು ಹೊಡೆದ. ಎಂಬತ್ತೇಳನೆಯ ನಿಮಿಷಕ್ಕೆ ಲೆಕ್ಕ ಹತ್ತು–ಸೊನ್ನೆ.

ಇಂಥ ಹೊತ್ತಿನಲ್ಲಿ ಆಡುವವರ ಮನಸ್ಸು ಹೇಗಿರುತ್ತದೆ ಎಂದು ಮೈದಾನಕ್ಕೆ ಇಳಿದವರಿಗೆಲ್ಲ ಗೊತ್ತು. ಸೀಟಿ ಯಾವಾಗ ಊದುತ್ತಾರೋ, ಯಾವಾಗ ತಲೆ ತಗ್ಗಿಸಿ ಹೊರಗೆ ಹೋಗುತ್ತೇವೋ ಎಂದು ಕಾಲು ಸೋಲುತ್ತವೆ. ಅಂಥ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಭಾರತದ ಒಬ್ಬ ಫಾರ್ವರ್ಡ್ ಆಟಗಾರ ಚೆಂಡನ್ನು ಯುಗೊಸ್ಲಾವಿಯದ ಬಲೆಗೆ ಸೇರಿಸಿದ. ಪಂದ್ಯ 10–1ರಲ್ಲಿ ಮುಗಿಯಿತು. ಆ ಗೋಲು ಹೊಡೆದವರ ಹೆಸರು ಅಹ್ಮದ್ ಖಾನ್. ಊರು ನಮ್ಮ ಬೆಂಗಳೂರು.

ಅಹ್ಮದ್ ಖಾನ್ ಹುಟ್ಟಿದ್ದು 1926ರಲ್ಲಿ, ಫುಟ್‌ಬಾಲ್ ಆಡುವವರ ಮನೆಯಲ್ಲೇ. ಆಗಿನ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ನೋಡಿ ಕಲಿತರು, ಕಲಿತು ಅವರನ್ನೇ ಸೋಲಿಸಿದರು. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. ಅದುವರೆಗೆ ಆ ಕಪ್ ಗೋರಾ ಪಲ್ಟನ್ನುಗಳ ಕೈಯಲ್ಲೇ ಇತ್ತು. ಮೈಸೂರು ತಂಡ 1946ರ ಸಾಲಿನಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ತಂದಿತು. ಅಹ್ಮದ್ ಬೆಳೆದದ್ದು ಈ ನೆಲದಲ್ಲಿ.

1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಇಪ್ಪತ್ತೊಂದು ವರ್ಷ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಪಂದ್ಯ, ಎದುರಿಗೆ ಫ್ರಾನ್ಸ್. ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲು, ಕೆಲವರ ಪಾದಕ್ಕೆ ಬಟ್ಟೆಯ ಪಟ್ಟಿ. ಸಿಕ್ಕ ಎರಡು ಪೆನಾಲ್ಟಿಗಳನ್ನು ಕೈಬಿಟ್ಟರು. ಸೋತದ್ದು 2–1ರಿಂದ, ಅದೂ ಆಟ ಮುಗಿಯುವ ಹೊತ್ತಿಗೆ ಬಿದ್ದ ಗೋಲಿನಿಂದ. ಭಾರತದ ಆ ಒಂದು ಗೋಲು ಹೊಡೆದ ರಾಮನ್ ಕೂಡ ಮೈಸೂರಿನ ಪರ ಆಡುತ್ತಿದ್ದವರು. ಅಂದರೆ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತ ಹೊಡೆದ ಎರಡೂ ಗೋಲು ನಮ್ಮ ನಾಡಿನ ಆಟಗಾರರವೇ. ಇದನ್ನು ನಮ್ಮ ಮಕ್ಕಳಿಗೆ ನಾವು ಯಾಕೆ ಹೇಳಲಿಲ್ಲವೋ ಎಂದು ನನಗೆ ನಿಜವಾಗಿಯೂ ನೋವಾಗುತ್ತದೆ.

1949ರಲ್ಲಿ ಅಹ್ಮದ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ದೇಶ ಒಡೆದು, ಮನೆ ಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರಿಗೆ ಆ ಕ್ಲಬ್ಬು ತವರಿನಂತಿತ್ತು. ಸಾಲೆ, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ವೆಂಕಟೇಶ್ ಎಂಬ ಐವರ ಮುಂಚೂಣಿಯನ್ನು ಅಲ್ಲಿಯ ಜನ ಪಂಚಪಾಂಡವರು ಎಂದೇ ಕರೆದರು. ಐವರೂ ದಕ್ಷಿಣ ಭಾರತದವರು. 1949, 50, 51 ಮೂರೂ ವರ್ಷ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ದಿಲ್ಲಿಯಲ್ಲಿ, ಇರಾನನ್ನು ಮಣಿಸಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಇದ್ದರು. ಎದುರಾಳಿಗಳ ನಡುವೆ ಅವರು ಚೆಂಡನ್ನು ನುಸುಳಿಸಿಕೊಂಡು ಹೋಗುವ ಬಗೆಗೆ ಹಾವಾಡಿಗ ಎಂಬ ಹೆಸರೂ ಬಿದ್ದಿತ್ತು. ತಾನೇ ಹೊಡೆಯಬೇಕೆಂಬ ಹಟ ಅವರಲ್ಲಿ ಇರಲಿಲ್ಲ, ಜೊತೆಯವರಿಗೆ ದಾರಿ ಮಾಡಿಕೊಡುವ ಆಟ ಅವರದು. ಹತ್ತು ವರ್ಷ ಅದೇ ಕ್ಲಬ್ಬಿಗೆ ಆಡಿ ನಿವೃತ್ತರಾದರು. 2017ರ ಆಗಸ್ಟಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ದೊಡ್ಡ ಬಾಳಿನಲ್ಲಿ ಚಿನ್ನವಿದೆ, ಶೀಲ್ಡುಗಳಿವೆ. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಸೋತ ಪಂದ್ಯದ ಹತ್ತಿರವೇ. ಗೆಲ್ಲುವಾಗ ಓಡುವುದು ಸುಲಭ, ಜನರ ಕೂಗೇ ಓಡಿಸುತ್ತದೆ. ಹತ್ತು ಗೋಲು ಹಿಂದೆ ಬಿದ್ದಾಗ ಓಡಿಸುವುದು ಯಾವುದು?

ಹೀಗೆ ಸೋಲಿನಲ್ಲೂ ಓಡುತ್ತಲೇ ಇದ್ದ ಇನ್ನೊಬ್ಬ ಆಟಗಾರನಿದ್ದಾನೆ. ಸ್ಪೇನ್ ದೇಶದ ಫರ್ನಾಂಡೊ ಟೊರೆಸ್ ಹೆಸರನ್ನು ಮೊಬೈಲಿನಲ್ಲಿ ಫುಟ್‌ಬಾಲ್ ನೋಡುವ ನಮ್ಮ ಹುಡುಗರು ಕೇಳಿರುತ್ತಾರೆ. ಮ್ಯಾಡ್ರಿಡ್ ಪಕ್ಕದ ಊರಿನವನು. ಹತ್ತೊಂಬತ್ತಕ್ಕೇ ಅಟ್ಲೆಟಿಕೊ ತಂಡದ ನಾಯಕ. 2008ರಲ್ಲಿ ಜರ್ಮನಿಯ ವಿರುದ್ಧ ಅವನು ಹೊಡೆದ ಒಂದೇ ಗೋಲು ಸ್ಪೇನಿಗೆ ಯುರೋಪಿನ ಪಟ್ಟ ತಂದಿತು. 2011ರ ಜನವರಿಯಲ್ಲಿ ಲಂಡನ್ನಿನ ಚೆಲ್ಸಿ ತಂಡ ಐದು ಕೋಟಿ ಪೌಂಡ್ ಕೊಟ್ಟು ಅವನನ್ನು ಕೊಂಡಿತು. ಅಲ್ಲಿಂದ ಗೋಲು ಒಣಗಿತು. ಹೊಸ ತಂಡಕ್ಕೆ ಮೊದಲ ಗೋಲು ಹೊಡೆಯಲು ಏಪ್ರಿಲ್ ಕೊನೆಯವರೆಗೆ ಕಾಯಬೇಕಾಯಿತು. ಜಗತ್ತೆಲ್ಲ ನಕ್ಕಿತು. ಅವನು ಆಡುತ್ತಲೇ ಇದ್ದ. 2015ರಲ್ಲಿ ತನ್ನ ಹಳೆಯ ಕ್ಲಬ್ಬಿಗೆ ಮರಳಿದಾಗ, ಪಂದ್ಯವೇ ಇಲ್ಲದ ದಿನ, ಅವನನ್ನು ನೋಡಲೆಂದೇ ಸಾವಿರಾರು ಜನ ಮೈದಾನಕ್ಕೆ ಬಂದರು. 2018ರಲ್ಲಿ ಆ ಕ್ಲಬ್ಬಿನ ಪರ ಕೊನೆಯ ಪಂದ್ಯದಲ್ಲಿ ಎರಡು ಗೋಲು ಹೊಡೆದ. ಆಮೇಲೆ ಜಪಾನಿನ ಒಂದು ತಂಡಕ್ಕೆ ಆಡಿ, 2019ರ ಆಗಸ್ಟಿನಲ್ಲಿ ಆಟ ನಿಲ್ಲಿಸಿದ. ಅವನ ಬದುಕಿನ ಆ ಕಡೆಯ ಪಂದ್ಯವನ್ನು ಅವನ ತಂಡ 6–1ರಿಂದ ಸೋತಿತು. ವಿಶ್ವಕಪ್ ಗೆದ್ದವನ ಕೊನೆಯ ದಿನವೂ ಹೀಗಿರಬಹುದು. ಅದರಿಂದ ಅವನು ಸಣ್ಣವನಾಗಲಿಲ್ಲ. ಮುಂದೆ ಅದೇ ಅಟ್ಲೆಟಿಕೊದಲ್ಲಿ ಹುಡುಗರಿಗೆ ಆಟ ಕಲಿಸಲು ನಿಂತ.

ಹೆಲ್ಸಿಂಕಿಯ ಕತೆಗೆ ಇನ್ನೊಂದು ಭಾಗವಿದೆ, ಅದನ್ನು ಬಿಡಬಾರದು. ಆ ಸೋಲಿನಿಂದ ತಿರುಗಿ ಬಂದ ಮೇಲೆ ಭಾರತದ ಫುಟ್‌ಬಾಲ್ ಸಂಸ್ಥೆ ಬೂಟು ಹಾಕುವುದನ್ನು ಕಡ್ಡಾಯ ಮಾಡಿತು. ಬರಿಗಾಲಿನ ಆಟ ನಮಗೆ ಹೆಮ್ಮೆಯದಾಗಿತ್ತು, ಆದರೆ ಆ ಚಳಿಯ ನೆಲದಲ್ಲಿ ಅದು ನಮ್ಮನ್ನು ಕಾಯಲಿಲ್ಲ. ಹೆಮ್ಮೆಯನ್ನು ಪಕ್ಕಕ್ಕಿಟ್ಟು ಕಲಿತರು. ನಾಲ್ಕು ವರ್ಷಕ್ಕೆ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಆ ತಂಡದಲ್ಲೂ ಬೆಂಗಳೂರಿನ ಕೆಂಪಯ್ಯ ಇದ್ದರು. ಕೊನೆಯ ನಿಮಿಷದವರೆಗೆ ಆಡುವ ಛಲ ಒಂದು, ಸೋತದ್ದೇಕೆ ಎಂದು ಕೂತು ನೋಡಿ ತಿದ್ದಿಕೊಳ್ಳುವ ವಿವೇಕ ಇನ್ನೊಂದು. ಬರೀ ಛಲದಿಂದ ಮುಂದಿನ ಪಂದ್ಯವನ್ನೂ ಹತ್ತು ಗೋಲಿನಿಂದಲೇ ಸೋಲುತ್ತಿದ್ದೆವು.

ನಮ್ಮ ರಾಯಚೂರು ಜಿಲ್ಲೆಯ ಅರಕೇರಾದ ಕಡೆ, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ. ಇಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಎಲ್ಲ ಕಡೆಯಂತೆ ಕ್ರಿಕೆಟ್. ಆದರೆ ಹತ್ತು ಗೋಲು ಹಿಂದೆ ಬೀಳುವುದು ಏನೆಂದು ಇಲ್ಲಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಹೆಸರನ್ನು ಕೆಳಗಿನಿಂದ ಹುಡುಕುವುದು ನಮಗೆ ರೂಢಿಯಾಗಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳೂ ಅವರ ಬೆನ್ನು ಹತ್ತುತ್ತಾರೆ. ಎರಡು ತಿಂಗಳು ಸಾಲಿ ತಪ್ಪಿಸಿಕೊಂಡ ಹುಡುಗ ಪರೀಕ್ಷೆಗೆ ಕೂತರೆ, ಮೊದಲ ಸೀಟಿಗೆ ಮುಂಚೆಯೇ ಐದು ಗೋಲು ಹಿಂದೆ. ಅವನು ನಪಾಸಾದರೆ ಹೊಣೆ ಅವನೊಬ್ಬನದೇ ಎನ್ನುವುದು ನ್ಯಾಯವಲ್ಲ. ಅವನ ಕಾಲಿಗೆ ಬೂಟು ಕೊಡಬೇಕಾದವರು ದೊಡ್ಡವರು: ಗುಳೆ ಹೋಗುವಾಗ ಮಗುವನ್ನು ಹಾಸ್ಟೆಲ್ಲಿನಲ್ಲೋ ಅಜ್ಜಿಯ ಮನೆಯಲ್ಲೋ ಉಳಿಸುವ ಮನೆಯವರು, ಬಿಟ್ಟುಹೋದ ಪಾಠವನ್ನು ಸಂಜೆ ಕೂಡಿಸಿ ಹೇಳಿಕೊಡುವ ಮಾಸ್ತರರು, ಇದಕ್ಕೆಲ್ಲ ದುಡ್ಡು ಒದಗಿಸಬೇಕಾದ ಸರಕಾರ.

ಹಾಗೆಂದು ಮಗುವಿನ ಪಾಲಿನ ಆಟವನ್ನು ಯಾರೂ ಆಡಿಕೊಡಲು ಬರುವುದಿಲ್ಲ. ಮಗು ಆಟ ಬಿಟ್ಟು ಹೋಗದಂತೆ ಅದರ ಪಕ್ಕ ನಿಲ್ಲುವುದಷ್ಟೇ ನಮ್ಮ ಕೈಯಲ್ಲಿದೆ.

ಈ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವ ದೈಹಿಕ ಶಿಕ್ಷಕರಲ್ಲಿ ಒಂದು ಕೇಳಿಕೆ. ಸೋತು ಬಂದ ತಂಡಕ್ಕೆ ಬೆಂಗಳೂರಿನ ಅಹ್ಮದ್ ಖಾನರ ಕತೆ ಹೇಳಿ. ತಂದೆತಾಯಿಗಳಲ್ಲಿ ಇನ್ನೊಂದು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದ ಮಗ ಮಗಳು ಮನೆಯಲ್ಲಿದ್ದರೆ, ಅವರನ್ನು ಕೂಲಿಗೆ ಕಳಿಸುವ ಮುನ್ನ, ಮದುವೆಯ ಮಾತು ತೆಗೆಯುವ ಮುನ್ನ, ಒಮ್ಮೆ ಸಾಲಿಗೆ ಹೋಗಿ ಹೆಡ್‌ಮಾಸ್ತರರನ್ನು ಕಾಣಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ, ಅರ್ಜಿ ತುಂಬುವ ಕಡೆಯ ದಿನ ಯಾವುದು ಎಂದು ಕೇಳಿಕೊಂಡು ಬನ್ನಿ.