ಪಕ್ಕದಲ್ಲಿ ನಿಂತವರು

ಇವತ್ತು ನಾನು ಮಾತಾಡಹೊರಟಿರುವುದು ಬೆಂಗಳೂರಿನ ದರ್ಶಿನಿಗಳ ಬಗ್ಗೆ. ಗಲ್ಲಾದಲ್ಲಿ ದುಡ್ಡು ಕೊಟ್ಟು, ಚೀಟಿ ಇಸಿದುಕೊಂಡು, ಕೌಂಟರಿನಲ್ಲಿ ತಟ್ಟೆ ಎತ್ತಿಕೊಂಡು, ನಿಂತೇ ತಿಂದು ಹೊರಡುತ್ತೀರಲ್ಲ, ಆ ಹೋಟೆಲು. ಮಸಾಲೆ ದೋಸೆಯ ಬಗ್ಗೆ, ಫಿಲ್ಟರ್ ಕಾಫಿಯ ಬಗ್ಗೆ ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನನ್ನ ಪ್ರೀತಿ ಮೊದಲಿನಿಂದಲೂ ಅಲ್ಲಿನ ಆ ಎತ್ತರದ ದುಂಡು ಮೇಜಿನ ಮೇಲೆ. ಅದರ ಸುತ್ತ ನಾಲ್ಕು ಜನ ನಿಲ್ಲಬಹುದು. ಒಬ್ಬರು ಆಟೋ ಓಡಿಸುವವರು, ಇನ್ನೊಬ್ಬರು ಬ್ಯಾಂಕಿನ ಮ್ಯಾನೇಜರು, ಕಾಲೇಜಿಗೆ ಹೊರಟ ಹುಡುಗಿ ಒಬ್ಬಳು, ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ ಬಂದ ನಿವೃತ್ತ ಮೇಷ್ಟ್ರು ಒಬ್ಬರು. ನೀವು ಯಾವ ಕಡೆಯವರು, ಯಾವ ಜನ ಅಂತ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಚಟ್ನಿ ಖಾಲಿಯಾದರೆ ಇನ್ನಷ್ಟು ಹಾಕಿಸಿಕೊಂಡು ಬರುವ ತನಕ ಪಕ್ಕದವರು ನಿಮ್ಮ ತಟ್ಟೆ ನೋಡಿಕೊಳ್ಳುತ್ತಾರೆ, ಅಷ್ಟೇ ಪರಿಚಯ. ಈ ನಾಲ್ವರು ಒಂದೇ ಮೇಜಿನ ಮೇಲೆ ತಟ್ಟೆ ಇಡುವಂತಾದದ್ದು ಸುಲಭಕ್ಕೆ ಆದದ್ದಲ್ಲ.

ಒಂದು ನೂರು ವರ್ಷ ಹಿಂದಕ್ಕೆ ಹೋಗೋಣ. ಆಗ ಹೊರಗೆ ತಿನ್ನುವುದೇ ಎಷ್ಟೋ ಮನೆಗಳಲ್ಲಿ ಮುಖ ಮುಚ್ಚಿಕೊಳ್ಳುವ ವಿಷಯ. ಹೋಟೆಲಿಗೆ ಹೋದವನಿಗೆ ರುಚಿಗಿಂತ ಮೊದಲು ಎರಡು ಚಿಂತೆ: ಒಳಗೆ ಬೇಯಿಸಿದವರು ಯಾರು, ಪಕ್ಕದಲ್ಲಿ ಕೂತು ಉಣ್ಣುವವರು ಯಾರು. ಅದಕ್ಕೇ ಬೋರ್ಡಿನ ಮೇಲೆ ಜಾತಿಯ ಹೆಸರು ಬರೆಸುತ್ತಿದ್ದರು. ಕೆಲವು ಕಡೆ ಒಂದು ಜಾತಿಯವರಿಗೆ ಒಳಗಿನ ಕೋಣೆ, ಮಿಕ್ಕವರಿಗೆ ಹೊರಗಿನ ಹಜಾರ. ದಲಿತರಿಗಂತೂ ಹೊಸ್ತಿಲು ದಾಟುವ ಮಾತೇ ಇರಲಿಲ್ಲ. ಅವರ ಲೋಟವನ್ನು ಹೊರಗೆ ಬೇರೆ ಇಟ್ಟಿರುತ್ತಿದ್ದರು, ಕುಡಿದು ತಾವೇ ತೊಳೆದಿಡಬೇಕು. ಮದ್ರಾಸ್ ಕಡೆಯ ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲೂ ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಜಾಗಗಳಿದ್ದವು. ಪೆರಿಯಾರ್ ಮತ್ತು ಅವರ ಸಂಗಡಿಗರು ಹೋರಾಡಿದ ಮೇಲೆ 1941ರಲ್ಲಿ ಅದು ಹೋಯಿತು.

ನಮ್ಮ ಸಂವಿಧಾನದ ಹದಿನೈದನೆಯ ವಿಧಿಯನ್ನು ಒಮ್ಮೆ ತೆರೆದು ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯಬಾರದಾದ ಜಾಗಗಳನ್ನು ಅಲ್ಲಿ ಹೆಸರು ಹೇಳಿ ಪಟ್ಟಿ ಮಾಡಿದ್ದಾರೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೆ ಅಂಗಡಿ ಇದೆ, ಹೋಟೆಲೂ ಇದೆ. ಒಂದು ದೇಶ ತನ್ನ ಸಂವಿಧಾನ ಬರೆಯುವಾಗ ಹೋಟೆಲಿನ ಬಾಗಿಲನ್ನು ಮರೆಯದೆ ಸೇರಿಸಿತು ಅಂದರೆ ಆ ಬಾಗಿಲು ಎಷ್ಟು ಜನರ ಮುಖಕ್ಕೆ ಮುಚ್ಚಿಕೊಂಡಿತ್ತು ಅಂತ ನೀವೇ ಯೋಚಿಸಿ. 1950ರ ಜನವರಿ 26ರಂದು ಅದು ಕಾನೂನಾಯಿತು. ಕಾಗದದ ಮೇಲಿನ ಕಾನೂನು ಊಟದ ಮೇಜಿಗೆ ಇಳಿಯಲು ಮಾತ್ರ ಇನ್ನೂ ಬಹಳ ಕಾಲ ಬೇಕಾಯಿತು.

ಇಲ್ಲಿ ಒಬ್ಬರ ಬಗ್ಗೆ ನಿಧಾನವಾಗಿ ಹೇಳಬೇಕು. ಕರಾವಳಿಯ ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಕಾಫಿ ಹೋಟೆಲು ತೆರೆದರು. ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಹೆಸರೇ ಕಾಲವನ್ನು ಹೇಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇದೇ ಅಡುಗೆಮನೆಯಲ್ಲಿ ಅಂತ ಅವರು ಹೇಳಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಮಾಡಿದ ಪ್ರವಾಸ. ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡುವುದಕ್ಕೇ ಅವರು ಯೂರೋಪಿಗೆ ಹೋದರು. ಪಂಚೆ ಉಟ್ಟು ಅಡುಗೆಮನೆಯ ಹೊಗೆಯಲ್ಲಿ ಬೆಳೆದ ಮನುಷ್ಯ, ಅಲ್ಲಿಯ ಹೋಟೆಲುಗಳ ಅಚ್ಚುಕಟ್ಟು ನೋಡಿ ಬೆರಗಾದರು. ಬಂದವರೇ ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಟು ಮಾಡಿಸಿದರು. ಹೋಟೆಲಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ ಗಿರಾಕಿಗಳಿಗಾಗಿ ಪುಟ್ಟ ಪುಸ್ತಿಕೆಗಳನ್ನೂ ಅಚ್ಚು ಹಾಕಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರು ಅಡುಗೆಮನೆಯ ಒಳಗೇ ಬಂದು ನೋಡಲಿ ಅಂದರು.

ಅಡುಗೆಮನೆಯ ಒಳಗೆ! ಮಡಿಯ ಮನೆಗಳನ್ನು ಕಂಡವರಿಗೆ ಇದರ ತೂಕ ಗೊತ್ತು. ಹೊರಗಿನವರ ನೆರಳೂ ಒಲೆಯ ಮೇಲೆ ಬೀಳಬಾರದು ಅನ್ನುತ್ತಿದ್ದ ಕಾಲದ ಅಡುಗೆಮನೆಗೆ, ಬೀದಿಯಿಂದ ಬಂದ ಯಾರು ಬೇಕಾದರೂ ಬಂದು ಹೋಗಬಹುದು ಅನ್ನುವುದು ಸಣ್ಣ ಮಾತಲ್ಲ. ಮಯ್ಯರು ಯೋಚಿಸಿದ್ದು ಶುಚಿಯ ಬಗ್ಗೆ. ಆದರೆ ಅವರು ಅಡುಗೆಮನೆಯ ಬಾಗಿಲು ತೆರೆದಾಗ ಅದರ ಜೊತೆಗೆ ಇನ್ನೊಂದೂ ಹೊರಗೆ ಹೋಯಿತು ಅಂತ ನನಗೆ ಬಲವಾಗಿ ಅನಿಸುತ್ತದೆ. ಬೇಯಿಸಿದವರು ಯಾರು ಅನ್ನುವ ಪ್ರಶ್ನೆ ಹಿಂದೆ ಸರಿದು, ಹೇಗೆ ಬೇಯಿಸಿದ್ದಾರೆ ಅನ್ನುವ ಪ್ರಶ್ನೆ ಮುಂದೆ ಬಂತು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಗೆ ಬಂದಾಗ ಹಳೆಯ ಹೆಸರೂ ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಇವತ್ತು ನಾವೆಲ್ಲ ಎಂ.ಟಿ.ಆರ್. ಅನ್ನುವುದು ಅದನ್ನೇ.

ಮುಂದಿನದನ್ನು ಬೇಗ ದಾಟುತ್ತೇನೆ. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಂದಿತ್ತು, ಮಲ್ಲೇಶ್ವರದವರಿಗೆ ಅವರ ಸಿ.ಟಿ.ಆರ್. ಇತ್ತು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಳ್ಳುವ ನೌಕರರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲೇ. 1965ರಲ್ಲಿ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಶುರುವಾಯಿತು. ಸಾಂಬಾರಿಲ್ಲ, ಚಟ್ನಿ ಮಾತ್ರ. ಬೋರ್ಡಿನಲ್ಲಿ ಹಳೆಯ ಹೆಸರು, ಫುಟ್‌ಪಾತಿನ ಮೇಲೆ ಇಡ್ಲಿ ತಟ್ಟೆ ಹಿಡಿದು ನಿಂತವರು ಮಾತ್ರ ಎಲ್ಲ ಜನ. ಆಮೇಲೆ ತುರ್ತು ಪರಿಸ್ಥಿತಿ ಬಂತು. ಹೋಟೆಲು ತಿಂಡಿಯ ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿತು. ಆ ದರಕ್ಕೆ ತಮ್ಮ ಗುಣಮಟ್ಟದಲ್ಲಿ ಕೊಡಲಾಗದೆ ಎಂ.ಟಿ.ಆರ್.ನವರು ಹಿಟ್ಟು, ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ತಿರುಗಿದರು.

ಈ ಹಳೆಯ ಹೋಟೆಲುಗಳ ಒಂದು ಕೋಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫ್ಯಾಮಿಲಿ ರೂಮು. ಮೂಲೆಯಲ್ಲಿ ಅರ್ಧ ಬಾಗಿಲು, ಮಾಸಿದ ಪರದೆ, ಒಳಗೆ ಒಂದು ಮೇಜು. ಗಂಡಸರು ಹೊರಗೆ ಕಾಫಿ ಕುಡಿಯುತ್ತ ರಾಜಕೀಯ ಮಾತಾಡುತ್ತಿದ್ದರೆ ಹೆಂಗಸರು ಆ ಪರದೆಯ ಹಿಂದೆ ಸೆರಗು ಸರಿಮಾಡಿಕೊಂಡು ತಿನ್ನಬೇಕು. ಅದೂ ಮನೆಯ ಗಂಡಸರ ಜೊತೆ ಬಂದಿದ್ದರೆ. ಒಬ್ಬಳೇ ಹೆಂಗಸು ಹೋಟೆಲಿಗೆ ಹೋಗಿ ಒಂದು ಮಸಾಲೆ ದೋಸೆ ತರಿಸಿಕೊಂಡು ತಿನ್ನುವುದು ನಮ್ಮ ತಾಯಂದಿರ ಕಾಲದಲ್ಲಿ ಊಹೆಗೂ ಬರದ ಸಂಗತಿ.

ಈಗ ಬನ್ನಿ 1983ಕ್ಕೆ. ಜಯನಗರದಲ್ಲಿ ಆರ್. ಪ್ರಭಾಕರ್ ಅನ್ನುವವರು ಕೆಫೆ ದರ್ಶಿನಿ ತೆರೆದರು. ಊರು ಆಗ ಎಲ್ಲ ಕಡೆ ಉಕ್ಕುತ್ತಿತ್ತು. 1981ರಲ್ಲಿ ಸುಮಾರು 29 ಲಕ್ಷ ಇದ್ದ ಬೆಂಗಳೂರಿನ ಜನಸಂಖ್ಯೆ ಹತ್ತೇ ವರ್ಷದಲ್ಲಿ 41 ಲಕ್ಷಕ್ಕೆ ಏರಿತು. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ. ಕಾರ್ಖಾನೆಗಳಿಗೆ ಹೊರಡುವ ಜನ, ಆಫೀಸಿಗೆ ಬಸ್ಸು ಹಿಡಿಯುವ ಜನ, ರೂಮು ಮಾಡಿಕೊಂಡಿರುವ ಹುಡುಗರು, ಎಲ್ಲರಿಗೂ ಬೆಳಗ್ಗೆ ಅವಸರ, ಎಲ್ಲರ ಜೇಬೂ ಚಿಕ್ಕದು. ಪ್ರಭಾಕರ್ ಕುರ್ಚಿ ತೆಗೆದುಬಿಟ್ಟರು. ಸಪ್ಲೈಯರುಗಳ ಸಾಲೂ ಬೇಡ, ಟಿಪ್ಸೂ ಬೇಡ. ಮೊದಲು ದುಡ್ಡು, ಆಮೇಲೆ ಚೀಟಿ, ಆಮೇಲೆ ತಿಂಡಿ. ಒಲೆ, ಕಾವಲಿ, ಇಡ್ಲಿ ಪಾತ್ರೆ ಎಲ್ಲ ನಿಮ್ಮ ಕಣ್ಣೆದುರಿಗೇ. ಮಯ್ಯರು ಬನ್ನಿ ನೋಡಿ ಅಂತ ಕರೆದ ಅಡುಗೆಮನೆ ಇಲ್ಲಿ ಕರೆಯುವ ಮೊದಲೇ ಎದುರಿಗೆ ಬಂದು ನಿಂತಿತ್ತು.

ಇದರ ಲೆಕ್ಕಾಚಾರ ಬಹಳ ಸರಳ. ಕೂತವನು ಪೇಪರ್ ಬಿಡಿಸಿ ಅರ್ಧ ಗಂಟೆ ಏಳುವುದಿಲ್ಲ, ನಿಂತವನು ಹತ್ತು ನಿಮಿಷಕ್ಕೆ ಹೊರಡುತ್ತಾನೆ. ಒಂದು ಸಣ್ಣ ಮಳಿಗೆಯಲ್ಲೇ ದಿನಕ್ಕೆ ನೂರಾರು ಜನ ತಿನ್ನಬಹುದು, ಬಾಡಿಗೆ ಅಷ್ಟೂ ಜನರ ತಟ್ಟೆಗೆ ಹಂಚಿಹೋಗುತ್ತದೆ, ಇಡ್ಲಿಯ ಬೆಲೆ ಇಳಿಯುತ್ತದೆ. ಹಿಟ್ಟು ಉಳಿಯುವುದಿಲ್ಲ, ಹಬೆಯಾಡುವ ಇಡ್ಲಿ ಆರುವುದರೊಳಗೆ ಖಾಲಿ. ಪ್ರಭಾಕರ್ ಇಂಥದ್ದೇ ಹೋಟೆಲು ಇಡಬೇಕು ಅಂದವರಿಗೂ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಬಡಾವಣೆಗೊಂದು, ಆಮೇಲೆ ಬೀದಿಗೊಂದು ದರ್ಶಿನಿ ಬಂತು.

ಬೆಳಗಿನ ಒಂದು ಒಳ್ಳೆಯ ದರ್ಶಿನಿಯ ಸದ್ದು ನಿಮಗೆ ಗೊತ್ತಿದೆ. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಸರ್ರನೆ ಗುಡಿಸುತ್ತಾರೆ. ಸೌಟಿನ ತಳದಿಂದ ಹಿಟ್ಟು ಸುತ್ತುತ್ತ ಸುತ್ತುತ್ತ ಒಂದೇ ಕಾವಲಿಯ ಮೇಲೆ ದೋಸೆಗಳ ಸಾಲು ಅರಳುತ್ತದೆ. ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಮಡಚಿ, ಚೀಟಿ ಕೊಟ್ಟವರ ಮುಖ ನೋಡದೆ ತಟ್ಟೆಗೆ ಹಾಕುತ್ತಾರೆ. ನಾನು ಇಷ್ಟು ಹೊತ್ತು ಹೇಳಲು ಹೊರಟದ್ದು ಆ ಮುಖ ನೋಡದಿರುವುದನ್ನೇ. ಯಾರಿಗೆ ಮೊದಲು, ಯಾರಿಗೆ ಎಲ್ಲಿ, ಯಾರಿಗೆ ಯಾವ ಲೋಟ ಅಂತ ತೀರ್ಮಾನಿಸುತ್ತಿದ್ದ ಮನುಷ್ಯನ ಕೈಯಿಂದ ಆ ಅಧಿಕಾರವನ್ನು ಒಂದು ಕಾಗದದ ಚೀಟಿ ಕಸಿದುಕೊಂಡಿತು. ಹಾಗೆಯೇ ಫ್ಯಾಮಿಲಿ ರೂಮಿನ ಪರದೆಯನ್ನು ಯಾರೂ ಹರಿಯಬೇಕಾಗಲಿಲ್ಲ. ದರ್ಶಿನಿಯಲ್ಲಿ ಪರದೆ ಕಟ್ಟಲು ಗೋಡೆಯೇ ಇರಲಿಲ್ಲ! ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಒಬ್ಬಳೇ ಬಂದು, ಚೌಚೌ ಬಾತ್ ತಿಂದು, ಅರ್ಧ ಲೋಟ ಕಾಫಿ ಕುಡಿದು ಹೊರಡುತ್ತಾಳೆ. ಅವಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವಳ ಅಜ್ಜಿಗೆ ಇದು ದಕ್ಕಿರಲಿಲ್ಲ.

ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ದರ್ಶಿನಿಯ ಕೌಂಟರಿನಲ್ಲಿ ಮಾಂಸಕ್ಕೆ ಜಾಗವಿಲ್ಲ. ಎಲ್ಲರೂ ಒಟ್ಟಿಗೆ ನಿಂತು ತಿನ್ನುವುದು ಒಬ್ಬರ ಅಡುಗೆಯನ್ನು, ಎಲ್ಲರ ಅಡುಗೆಯನ್ನಲ್ಲ. ಮೇಜು ಒರೆಸುವವರು, ತಟ್ಟೆ ತೊಳೆಯುವವರು ಯಾವ ಊರಿನಿಂದ ಬಂದವರು, ಅವರು ದಿನಕ್ಕೆ ಎಷ್ಟು ತಾಸು ನಿಲ್ಲುತ್ತಾರೆ ಅಂತ ನಾವು ತಿಂದು ಹೊರಡುವವರು ಕೇಳಿಲ್ಲ. ಕೆಲವು ಹಳ್ಳಿಗಳಲ್ಲಿ ಎರಡು ಲೋಟದ ಪದ್ಧತಿ ಇನ್ನೂ ಸುದ್ದಿಯಾಗುತ್ತಲೇ ಇರುತ್ತದೆ. ಹತ್ತು ರೂಪಾಯಿಗೆ ಹೊಟ್ಟೆ ತುಂಬುತ್ತಿದ್ದ ಕಾಲ ಹೋಗಿ, ಗಲ್ಲಾದ ಹತ್ತಿರ ಬೆಲೆಪಟ್ಟಿ ನೋಡಿ ವಾಪಸು ತಿರುಗುವವರನ್ನು ಈಗ ಕಾಣುತ್ತೇನೆ. 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನು ಶುರುವಾದಾಗ, ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಅಂದಾಗ, ನನಗೆ ಬಹಳ ಸಂತೋಷವಾಯಿತು. ಅಲ್ಲೂ ಅದೇ ಎತ್ತರದ ಮೇಜು, ಅದೇ ಚೀಟಿ. ದರ್ಶಿನಿಯಿಂದ ಹೊರಗೆ ಉಳಿದವರನ್ನು ಸರ್ಕಾರ ದರ್ಶಿನಿಯ ಕ್ರಮದಲ್ಲೇ ಒಳಗೆ ಕರೆಯಿತು.

ಇತ್ತೀಚಿನ ಹೊಸ ಹೋಟೆಲುಗಳಲ್ಲಿ ತುಪ್ಪ ಸುರಿಯುವುದನ್ನು ಫೋನಿನಲ್ಲಿ ಹಿಡಿಯಲು ಜನ ಮುತ್ತುತ್ತಾರೆ. ಜನ ಬರಲಿ, ಸಂತೋಷ. ಆದರೆ ಹೋಟೆಲು ಇಟ್ಟಿರುವ ನಿಮ್ಮಲ್ಲಿ ನನ್ನ ಒಂದು ಬೇಡಿಕೆ ಇದೆ. ಮೊದಲಿನಿಂದ ನಿಮ್ಮಲ್ಲಿ ತಿಂದವರು ಈಗ ಎಪ್ಪತ್ತು ದಾಟಿದ್ದಾರೆ. ಮಂಡಿ ನೋವಿಗೆ ಅವರು ಮೆಟ್ಟಿಲ ಅಂಚಿನಲ್ಲಿ, ಹೊರಗೆ ನಿಂತ ಸ್ಕೂಟರಿನ ಸೀಟಿನ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದಾರೆ. ಗೋಡೆಯ ಪಕ್ಕ ಒಂದು ಕಲ್ಲು ಬೆಂಚು ಹಾಕಿಸಿ. ನಾಲ್ಕು ಜನ ಕೂರುವಷ್ಟು ಸಾಕು. ಅದಕ್ಕೆ ಬೇರೆ ರೇಟು ಮಾತ್ರ ಹಾಕಬೇಡಿ.