ಎಣ್ಣೆಯ ಹಾದಿಯಲ್ಲಿ ಗಾಳಿ

ಕಬ್ಬು ಕಡಿಯುವ ಕಾಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಯ ಕಡೆಗೆ ಮಳವಳ್ಳಿಯಿಂದ ಕಬ್ಬು ಹೊತ್ತು ಹೊರಟ ಹಳೆಯ ಟ್ರ್ಯಾಕ್ಟರ್ ಏರಿನಲ್ಲಿ ಕುಗ್ಗಿ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇದೆ, ಬ್ಯಾಟರಿಯೂ ಸರಿ ಇದೆ. ಪಳಗಿದ ಮೆಕ್ಯಾನಿಕ್ ಆಗ ಇಂಜೆಕ್ಷನ್ ಪಂಪಿಗೆ ಕೈ ಹಾಕುವುದಿಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡುತ್ತಾನೆ. ಮುಚ್ಚಳದ ಗಾಳಿತೂತು ಧೂಳಿನಿಂದ ಮುಚ್ಚಿದ್ದರೆ ಎಣ್ಣೆ ಕೆಳಗಿಳಿಯುವುದೇ ಇಲ್ಲ.

ಅದೂ ಸರಿಯಿದ್ದರೆ, ಫಿಲ್ಟರ್. ಅಲ್ಲಿ ಗಾಳಿ ಸೇರಿಕೊಂಡರೂ ಇಂಜಿನ್ ನಿಲ್ಲುತ್ತದೆ.

ಮದ್ದೂರಿನ ಗ್ಯಾರೇಜಾಗಲಿ, ಗದ್ದೆಯ ಬದುವಾಗಲಿ, ಆ ಗಾಳಿ, ಅಂದರೆ ‘ಏರ್’, ತೆಗೆಯುವ ಕ್ರಮ ಒಂದೇ. ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ ಉಕ್ಕುತ್ತದೆ. ಗುಳ್ಳೆ ನಿಂತು ತಿಳಿ ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಗಾಳಿ ಮತ್ತೆ ಸೇರಿದರೆ ಸವೆದ ತಾಮ್ರದ ವಾಷರನ್ನೋ ಬಿರುಕು ಬಿಟ್ಟ ಪೈಪನ್ನೋ ಹುಡುಕಬೇಕು. ಎಣ್ಣೆ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ನುಗ್ಗಬಹುದು. ಹೆಚ್ಚಿನವರು ಎಡವುವುದು ಇಲ್ಲೇ.

ಇಂಜೆಕ್ಷನ್ ಪಂಪಿನ ಮಾತೇ ಬೇರೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿ ಇಂಥ ಪಂಪು, ನಾಜಲ್‌ಗಳನ್ನು ತಯಾರಿಸುತ್ತಾ ಬಂದಿದೆ. ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು. ಪಂಪನ್ನು ಹೊಲದ ಧೂಳಿನಲ್ಲಿ ಬಿಚ್ಚಲೇಬಾರದು. ನಾಜಲ್ ಪರೀಕ್ಷಿಸುವಾಗ ಕೈ ಅಡ್ಡ ಹಿಡಿಯಲೂಬಾರದು. ಅದರಿಂದ ಭಾರೀ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ತೊಂದರೆ ಕೊಡುವುದು ಗಾಳಿಯಷ್ಟೇ ಅಲ್ಲ, ನೀರೂ ಹೌದು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ನೀರಾಗಿ ತಳ ಸೇರುತ್ತದೆ. ಹಾಗಾಗಿ ಸಂಜೆಯೇ ಟ್ಯಾಂಕ್ ತುಂಬಿಸಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಫಿಲ್ಟರಿನ ತಳದ ನೀರು ಬಸಿಯುವುದು ಒಳ್ಳೆಯದು.