ಆಸರೆ ಇರಲಿ, ಎಲೆ ನಮ್ಮದೇ ಇರಲಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಶಿರಾ ಸೀಮೆಯಲ್ಲಿ ಹೊಂಗೆ, ಮಾವಿನ ಕೊಂಬೆಗಳ ಮೇಲೆ ಬಂದಳಿಕೆ ಬೆಳೆದಿರುವುದನ್ನು ನೀವು ಕಂಡಿರುತ್ತೀರಿ. ಹಕ್ಕಿ ಬಿಟ್ಟ ಅಂಟು ಬೀಜ ಕೊಂಬೆಯಲ್ಲೇ ಮೊಳೆತು ಮರದ ನೀರು, ಲವಣಗಳನ್ನು ಹೀರುತ್ತದೆ. ನಮ್ಮ ಶ್ರೀಗಂಧವೂ ಇದೇ ಬಳಗದ್ದು! ಅದರ ಬೇರು ಪಕ್ಕದ ಗಿಡದ ಬೇರನ್ನು ಕಚ್ಚಿ ಹೀರುತ್ತದೆಂದು 1871ರಲ್ಲಿ ಜಾನ್ ಸ್ಕಾಟ್ ತೋರಿಸಿದರು. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದ ರೈತರು ತಮ್ಮ ಜಮೀನಿನ ಗಂಧದ ಮರಕ್ಕೆ ತಾವೇ ಒಡೆಯರು. ಆದರೆ ಸಸಿಯ ಜೊತೆ ತೊಗರಿಯಂಥ ಆಸರೆ ಗಿಡವಿಲ್ಲದಿದ್ದರೆ ಅದು ಸೊರಗುತ್ತದೆ; ಹಾಕಿದ ಹಣ ಮಣ್ಣುಪಾಲು.

ಹೂಬಿಡುವ ಸಸ್ಯಗಳಲ್ಲಿ ಪರಾವಲಂಬನೆ ಸುಮಾರು 12 ಬಾರಿ ಬೇರೆ ಬೇರೆಯಾಗಿ ವಿಕಾಸಗೊಂಡಿದೆ. ಶ್ರೀಗಂಧ ಹಸಿರೆಲೆ ಉಳಿಸಿಕೊಂಡು ತನ್ನ ಆಹಾರವನ್ನು ಬಹುಮಟ್ಟಿಗೆ ತಾನೇ ತಯಾರಿಸುತ್ತದೆ. ಹಳದಿ ಬಳ್ಳಿ ಕಸ್ಕ್ಯೂಟದ ಕಥೆ ಬೇರೆ. 2018ರಲ್ಲಿ ಅದರ ಜೀನ್‌ಗಳನ್ನು ಓದಿದಾಗ ದ್ಯುತಿಸಂಶ್ಲೇಷಣೆ, ಎಲೆ, ಬೇರುಗಳಿಗೆ ಸಂಬಂಧಿಸಿದ ಅನೇಕ ಜೀನ್‌ಗಳೇ ಕಾಣೆಯಾಗಿದ್ದವು. ಬಳಸದ ಜೀನ್ ಕೆಟ್ಟರೂ ಗಿಡಕ್ಕೆ ನಷ್ಟವಿಲ್ಲ. ಹೀಗೆ ತಲೆಮಾರುಗಳಲ್ಲಿ ಅದು ಅಳಿಯುತ್ತದೆ.

ವಿದ್ಯಾರ್ಥಿಗಳೇ, ಸಂಘದ ವಿದ್ಯಾರ್ಥಿವೇತನ ನಿಮಗೆ ಆಸರೆ ಗಿಡವಿದ್ದಂತೆ. ಸಂಕೋಚವಿಲ್ಲದೆ ಪಡೆಯಿರಿ. ಆದರೆ ಗೈಡು, ನಕಲುಗಳಿಗೆ ಜೋತುಬಿದ್ದು ನಿಮ್ಮ ಎಲೆಯನ್ನು ಕಳೆದುಕೊಳ್ಳಬೇಡಿ. ನಾಳೆ ಇನ್ನೊಬ್ಬ ಬಡ ಮಗುವಿಗೆ ಆಸರೆಯಾಗಬೇಕಾದವರು ನೀವೇ.